ಬರ್ಲಿಂಗ್ಟನ್‌ನಿಂದ ವಾಪಸ್ ಬಂದ ಡಬ್ಬಿಗಳು

ನಮ್ಮ ಬೇಸ್‌ಮೆಂಟಿನಲ್ಲಿ ಇಲಿ ಸತ್ತಿದೆ ಅಂತ ನಾನು ತೀರ್ಮಾನ ಮಾಡಿ ಆಗಿತ್ತು.

ಜುಲೈ ತಿಂಗಳು. ಒಂಟಾರಿಯೋದ ಪಿಕರಿಂಗ್‌ನ ಸೆಕೆ ನೋಡಿ ಮಂಗಳೂರಿನವರೇ ಬೆವರಬೇಕು, ಹಾಗಿತ್ತು. ನಾಲ್ಕು ಮೆಟ್ಟಿಲು ಇಳಿದರೆ ಸಾಕು, ಮೂಗು ಹಿಡಿದುಕೊಳ್ಳಬೇಕು. ಕೆಳಗೆ ಬಾಡಿಗೆಗಿರುವ ಸಿಮ್ರನ್ (ಪಂಜಾಬಿನವಳು, ನರ್ಸಿಂಗ್ ಹೋಮಿನಲ್ಲಿ ಕೆಲಸ, ಬಾಡಿಗೆ ಸರಿಯಾಗಿ ಕೊಡುತ್ತಾಳೆ) ಮೇಲೆ ಬಂದು ತುಂಬಾ ಮರ್ಯಾದೆಯಿಂದ ಕೇಳಿದಳು, "ಆಂಟೀಜೀ, ಮಛ್ಲೀ?"

ನನಗೆ ಪಿತ್ತ ಏರುವುದು ಇಂಥ ವಿಷಯಕ್ಕೇ. ಈ ಮನೆಯಲ್ಲಿ ಎಂಥ ನಾತ ಬಂದರೂ ಆಪಾದನೆ ನೇರ ನನ್ನ ಒಣಮೀನಿನ ಮೇಲೆ. ಗ್ಯಾಸ್ ಲೀಕ್ ಆದರೂ ನನ್ನ ಒಣಮೀನು. ಪಕ್ಕದ ಮನೆಯವರು ಹುಲ್ಲಿಗೆ ಗೊಬ್ಬರ ಹಾಕಿದರೂ ನನ್ನ ಒಣಮೀನು. ಆದರೆ ಈ ಸಲ ನಾನು ಅಪ್ಪಟ ನಿರಪರಾಧಿ. ಮನೆಯಲ್ಲಿದ್ದ ಕೊನೆಯ ಒಣ ನಂಗ್ ಮೀನು ಹುರಿದು ತಿಂದು ತಿಂಗಳಾಗಿತ್ತು.

ಕೊನೆಗೆ ನಾತ ಎಲ್ಲಿಂದ ಅಂತ ಗೊತ್ತಾಯಿತು. ಅದನ್ನು ಅಲ್ಲಿ ತಂದಿಟ್ಟವಳು ನಾನೇ. ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಮನೆಯ ಕಥೆ ಹೇಳಬೇಕು. ಕೇಳಿ.

ನನಗೆ ಒಬ್ಬಳು ಮೊಮ್ಮಗಳು ಇದ್ದಾಳೆ. ಐದು ವರ್ಷ. ಹೆಸರು ಹೇಜಲ್. ಅವಳು ಬರ್ಲಿಂಗ್ಟನ್‌ನಲ್ಲಿ ಅವಳ ಅಪ್ಪ ಅಮ್ಮನ ಜೊತೆ ಇದ್ದಾಳೆ. ಅವಳನ್ನು ಹೆತ್ತವಳು ನನ್ನ ಮಗಳು ಅಶ್ವಿನಿ. ಅಶ್ವಿನಿ ಪಿಕರಿಂಗ್‌ನಲ್ಲಿ ಅವಳ ಅಮ್ಮನ, ಅಂದರೆ ನನ್ನ ಜೊತೆ ಇದ್ದಾಳೆ.

ಇನ್ನೊಮ್ಮೆ ಓದಬೇಡಿ. ಸರಿಯಾಗಿಯೇ ಓದಿದ್ದೀರಿ.

ಅಶು ಕಾಲೇಜಿನಲ್ಲಿರುವಾಗ ಬಸುರಾದಳು. ಹುಡುಗ ಮೊದಲು ಇದ್ದ, ಆಮೇಲೆ ಇರಲಿಲ್ಲ. (ಅವನ ಬಗ್ಗೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಜಾಗ ಕೊಟ್ಟರೆ ನಮ್ಮ ಕನ್ನಡ ಸಂಘದ ಪತ್ರಿಕೆಗೆ ನಷ್ಟ.) ಅಶು ಯೋಚನೆ ಮಾಡಿದಳು. ಅವಳು ಯೋಚನೆ ಮಾಡುವವಳು, ಅವಳ ಅಪ್ಪನ ಹಾಗೆ. ನಾನು ಮೊದಲು ಮಾತಾಡುವವಳು. ಮಗುವನ್ನು ದತ್ತು ಕೊಡುತ್ತೇನೆ, ಆದರೆ ಓಪನ್ ಅಡಾಪ್ಶನ್, ಅಂದಳು.

"ನಾನು ಸಾಕ್ತೇನೆ" ಅಂದೆ.

"ನಿನಗೆ ಫ್ಯಾಕ್ಟರಿ ಶಿಫ್ಟು, ನನಗೆ ಕ್ಲಾಸು. ಯಾರಮ್ಮ ಸಾಕೋದು, ಟಿವಿಯಾ?"

ನಮ್ಮ ಟಿವಿಯೂ ಹಳೆಯದಿತ್ತು.

ಓಪನ್ ಅಂದರೆ ಎಂತ ಅಂತ ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ, ಸಂಘದ ಊಟದ ಸಾಲಿನಲ್ಲಿ, ಪಲ್ಯ ಬಡಿಸಿಕೊಳ್ಳುತ್ತಾ, ನನ್ನ ಮುಖ ನೋಡದೆ. ದತ್ತು ನಮಗೇನು ಹೊಸತಲ್ಲ. ನಮ್ಮ ಊರಲ್ಲಿ ಅಕ್ಕನಿಗೆ ಮಕ್ಕಳಿಲ್ಲ ಅಂತ ತಂಗಿ ತನ್ನ ಮಗುವನ್ನು ಕೊಟ್ಟದ್ದುಂಟು. ಇಡೀ ಊರಿಗೆ ಗೊತ್ತು, ಬಸ್ಸಿನ ಕಂಡಕ್ಟರನಿಗೂ ಗೊತ್ತು. ಆ ಮಗುವಿಗೆ ಮಾತ್ರ ಮದುವೆಯಾಗುವವರೆಗೆ ಗೊತ್ತಿಲ್ಲ. ಇಲ್ಲಿಯದು ಉಲ್ಟಾ. ಮಗುವಿಗೆ ಎಲ್ಲ ಗೊತ್ತುಂಟು. "ನಾನು ಅಶುವಿನ ಹೊಟ್ಟೆಯಲ್ಲಿದ್ದೆ" ಅಂತ ಅದು ಅಂಗಡಿಯ ಕ್ಯಾಶಿಯರಿಗೂ ಹೇಳುತ್ತದೆ. ಊರಿಗೆ ಗೊತ್ತಾಗಬಾರದು ಅಂತ ಒದ್ದಾಡಿದವಳು ನಾನು ಒಬ್ಬಳೇ. ಈಗ ನಾನೇ ಅಂಕಣದಲ್ಲಿ ಬರೆಯುತ್ತಿದ್ದೇನೆ. ನೋಡಿ, ಬುದ್ಧಿ ಬರುವ ವಯಸ್ಸು ಅಂತ ಒಂದಿಲ್ಲ.

(ಅಶುವನ್ನು ಕೇಳಿಯೇ ಬರೆಯುತ್ತಿರುವುದು. "ಬರಿ. ಆದ್ರೆ ಕಣ್ಣೀರು ಗಿಣ್ಣೀರು ಹಾಕ್ಬೇಡ" ಅಂದಳು. ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.)

ಮೇಗನ್, ಡೇವ್ ಅಂತ ಗಂಡ ಹೆಂಡತಿ. ಅಶುವೇ ಆರಿಸಿದ್ದು. ದತ್ತು ಬೇಕೆನ್ನುವವರ ಆಲ್ಬಂ ತಿರುಗಿಸಿ, ಎದುರು ಕೂತು ಮಾತಾಡಿಸಿ, ನಾಯಿ ಕಚ್ಚುತ್ತದಾ ಅಂತ ಕೂಡ ಕೇಳಿ ಒಪ್ಪಿದಳು. ನನ್ನನ್ನು ಮದುವೆ ಮಾಡಿಕೊಡುವಾಗ ನನ್ನ ಅಪ್ಪ ಇದರಲ್ಲಿ ಕಾಲು ಭಾಗ ವಿಚಾರಿಸಿರಲಿಲ್ಲ. ವರ್ಷಕ್ಕೆ ಕೆಲವು ಸಲ ಹೋಗಿ ಮಗುವನ್ನು ನೋಡಬಹುದು. ಪ್ರತಿ ಶುಕ್ರವಾರ ಸಂಜೆ ಮೇಗನ್ ಫೋನಿಗೆ ಒಂದು ಫೋಟೋ ಕಳಿಸುತ್ತಾಳೆ. ಹೇಜಲ್ ಅಶುವನ್ನು ಅಶು ಅಂತ ಕರೆಯುವುದು, ಮಮ್ಮಿ ಅಂದರೆ ಮೇಗನ್. ಗ್ರ್ಯಾಂಡ್‌ಮಾ ಅವಳಿಗೆ ಇಬ್ಬರಿದ್ದಾರೆ. ಅಜ್ಜಿ ಒಬ್ಬಳೇ.

ಆದರೆ ಒಂದು ಮಾತು. ಅವರ ಒಪ್ಪಂದ ಆದದ್ದು ಅಶುವಿನ ಜೊತೆ. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ನಾನು ಅಶುವಿನ ಜೊತೆ ಹೋಗುವ ಲಗೇಜು.

ಲಗೇಜಿಗೆ ತನ್ನದೇ ಒಂದು ಕಾರಣ ಬೇಡವಾ? ಅದಕ್ಕೆ ನಾನು ಡಬ್ಬಿ ಶುರು ಮಾಡಿದ್ದು.

ನನ್ನ ಸ್ಟೀಲ್ ಡಬ್ಬಿಗಳು ನಿಮಗೆ ಗೊತ್ತುಂಟು. ಸಂಘದ ಯುಗಾದಿ ಊಟಕ್ಕೆ ಪಾಯಸ ತರುವುದು ಅವುಗಳಲ್ಲೇ. ಊರಿನಿಂದ ತಂದದ್ದು, ಒಂದೊಂದರ ಮೇಲೂ "ಗುಲಾಬಿ" ಅಂತ ನನ್ನ ಹೆಸರು ಕೊರೆಸಿ ಆಗಿದೆ. ಮೊದಲ ಸಲ ಬರ್ಲಿಂಗ್ಟನ್‌ಗೆ ಹೋಗುವಾಗ ಒಂದರಲ್ಲಿ ಎಣ್ಣೆಯಲ್ಲಿ ಕರಿದ ತುಕ್ಕುಡಿ ತುಂಬಿಸಿಕೊಂಡು ಹೋದೆ. ಹೊರಡುವಾಗ ಮೇಗನ್ ಪಾಪ, ತುಕ್ಕುಡಿಯನ್ನು ಇನ್ನೊಂದಕ್ಕೆ ಸುರಿದು ಡಬ್ಬಿ ತೊಳೆದು ಕೊಡಲಿಕ್ಕೆ ಬಂದಳು. ನಾನು ನನ್ನ ಬೇಕರಿ ಫ್ಯಾಕ್ಟರಿಯ ಇಂಗ್ಲಿಷಿನಲ್ಲಿ ಹೇಳಿದೆ, "ನೋ, ನೋ. ಡಬ್ಬಿ ಹಿಯರ್. ನೆಕ್ಸ್ಟ್ ಟೈಮ್ ಐ ಕಮ್, ಐ ಟೇಕ್."

ಅರ್ಥ ಆಯಿತಲ್ಲ ನನ್ನ ಉಪಾಯ? ನನ್ನ ಡಬ್ಬಿ ನಿಮ್ಮ ಮನೆಯಲ್ಲಿದ್ದರೆ ನೀವು ನನಗೆ ಬಾಗಿಲು ತೆಗೆಯಲೇಬೇಕು. ಊರಲ್ಲಿ ಬೀಡಿ ಕಟ್ಟುವ ಕಾಲದಲ್ಲಿ ಪಕ್ಕದ ಮನೆಯ ಸುಂದರಿಯ ಜೊತೆ ಜಗಳವಾಗಿ ಮಾತು ಬಿಟ್ಟಾಗಲೂ, "ನನ್ನ ಡಬ್ಬಿ ಉಂಟಲ್ಲ ನಿಮ್ಮಲ್ಲಿ" ಅಂತ ಹೋಗಿ ಅವಳ ಜಗಲಿಯಲ್ಲಿ ಕೂತು ಚಹಾ ಕುಡಿದು ಬಂದವಳು ನಾನು. ಡಬ್ಬಿಗಿಂತ ದೊಡ್ಡ ವಕೀಲ ಇಲ್ಲ ಮಾರಾಯ್ರೆ.

ಮುಂದಿನ ಸಲ ಹೋದೆ. ಹಳೆಯ ಡಬ್ಬಿ ತರುವುದು "ಮರೆತು ಹೋಯಿತು". ಹೊಸ ಡಬ್ಬಿ ಬಿಟ್ಟು ಬಂದೆ, ರವೆ ಉಂಡೆಯ ಜೊತೆ. ಅದರ ಮುಂದಿನ ಸಲ ಚಕ್ಕುಲಿ. ಮಾತು ಬಂದ ಮೇಲೆ ಪ್ರತಿ ಸಲ ಹೇಜಲ್ ಬಾಗಿಲಲ್ಲಿ ನಿಂತು ಕೇಳುವುದು, "ಅಜ್ಜಿ, ಡಬ್ಬಿ?" ನಾನು ಹೇಳುವುದು, "ಡಬ್ಬಿ ಹಿಯರ್. ಐ ಕಮ್, ಐ ಟೇಕ್." ಅದು ನಮ್ಮಿಬ್ಬರ ಮಂತ್ರ ಆಗಿಬಿಟ್ಟಿತು.

ಐದು ವರ್ಷದಲ್ಲಿ ಎಂತ ಆಗಬೇಕೋ ಅದೇ ಆಯಿತು. ನಮ್ಮ ಮನೆಯಲ್ಲಿ ಡಬ್ಬಿ ಖಾಲಿ. ಸಕ್ಕರೆ ಬ್ರೆಡ್ಡಿನ ಚೀಲದಲ್ಲಿ, ಕಡ್ಲೆಬೇಳೆ ಅಶುವಿನ ಹಳೆಯ ಜಿಮ್ ಬಾಟಲಿಯಲ್ಲಿ. ನಾನು ದಿನಾ ಗೊಣಗುವುದು, "ಇರುವ ಡಬ್ಬಿ ಎಲ್ಲ ಬರ್ಲಿಂಗ್ಟನ್‌ನಲ್ಲಿ ಉಂಟು, ನಾನು ಎಂತದರಲ್ಲಿ ಹಾಕಿಡಲಿ?" ಗೊಣಗುವುದು ನನ್ನ ವ್ಯಾಯಾಮ. ಅದನ್ನು ಯಾರಾದರೂ ಮನಸ್ಸಿಗೆ ತೆಗೆದುಕೊಳ್ಳುತ್ತಾರಾ?

ಅಶು ತೆಗೆದುಕೊಂಡಳು. ಮೇಗನ್ ಜೊತೆ ಫೋನಿನಲ್ಲಿ ಮಾತಾಡುವಾಗ ನಗುನಗುತ್ತಾ ಹೇಳಿದಳು, ನಮ್ಮ ಅಮ್ಮನ ಅಡಿಗೆಮನೆ ಪೂರ್ತಿ ನಿಮ್ಮ ಮನೆಯಲ್ಲಿದೆ ಅಂತ. ನಾನು ಒಮ್ಮೆಯೂ ವಾಪಸ್ ಒಯ್ಯದ್ದರಿಂದ ಇಷ್ಟು ವರ್ಷ ಅದೆಲ್ಲ ಗಿಫ್ಟ್ ಅಂತ ತಿಳಿದಿದ್ದ ಮೇಗನ್‌ಗೆ ಎದೆ ಒಡೆದು ಹೋಯಿತು.

ಇದು ನನಗೆ ಆಗ ಗೊತ್ತಿಲ್ಲ. ನನಗೆ ಗೊತ್ತಾದದ್ದು ಇಷ್ಟೇ. ಒಂದು ಸಂಜೆ ನಾನು ಲೈಬ್ರರಿಯ ಹತ್ತಿರ ವಾಕಿಂಗ್ ಮುಗಿಸಿ ಬರುವಾಗ ನಮ್ಮ ಬಾಗಿಲ ಮುಂದೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಅದೇ ಹೊತ್ತಿಗೆ ಅಶುವಿನ ಫೋನಿಗೆ ಮೇಗನ್‌ಳ ಮೆಸೇಜು: ಡೇವ್ ಈ ಕಡೆ ಕೆಲಸಕ್ಕೆ ಬಂದಿದ್ದ, ಅಮ್ಮನ ಡಬ್ಬಿಗಳನ್ನೆಲ್ಲ ಇಟ್ಟು ಹೋಗಿದ್ದಾನೆ, ಸೋ ಸೋ ಸಾರಿ.

ಬೆಲ್ಲು ಕೂಡ ಒತ್ತಿರಲಿಲ್ಲ.

ಪೆಟ್ಟಿಗೆಯ ಒಂದು ಬದಿ ಎತ್ತಿ ನೋಡಿದೆ. ಫಳಫಳ ಹೊಳೆಯುವ ಸ್ಟೀಲು. ಮೇಲಿನ ಮುಚ್ಚಳದಲ್ಲಿ "ಗುಲಾಬಿ". ಸೋಪಿನ ಪರಿಮಳ. ಅಲ್ಲಾಡಿಸಿದೆ. ಖಾಲಿ ಖಾಲಿ ಸದ್ದು.

ಈಗ ನೀವೇ ಹೇಳಿ, ನಮ್ಮಲ್ಲಿ ಪಾತ್ರೆ ಪಗಡ ಎಲ್ಲ ಒಟ್ಟಿಗೆ ವಾಪಸ್ ಬರುವುದು ಯಾವಾಗ? ಸಂಬಂಧ ಕಡಿದಾಗ. ನನ್ನ ಚಿಕ್ಕಮ್ಮನ ಮಗಳನ್ನು ಗಂಡನ ಮನೆಯವರು ಬಿಟ್ಟಾಗ ಮೊದಲು ಬಂದದ್ದು ರಿಕ್ಷಾದಲ್ಲಿ ಅವಳ ಪಾತ್ರೆಗಳು. ಅವಳು ಬಂದದ್ದು ಹಿಂದಿನ ರಿಕ್ಷಾದಲ್ಲಿ. ಇನ್ನೊಬ್ಬರ ಡಬ್ಬಿಯನ್ನು ಖಾಲಿಯಾಗಿ ವಾಪಸ್ ಕೊಡಬಾರದು ಅಂತ ಸಣ್ಣ ಮಕ್ಕಳಿಗೂ ಗೊತ್ತಿರುತ್ತದೆ. ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಇದರಲ್ಲಿ ಒಂದು ಹರಳಿಲ್ಲ.

ಮತ್ತೆ ಆ ಸಾರಿ! ಈ ದೇಶದಲ್ಲಿ ಕುತ್ತಿಗೆ ಹಿಡಿದು ಹೊರಗೆ ಹಾಕುವಾಗ ಸಾರಿ ಹೇಳುತ್ತಾರೆ. ಫ್ಯಾಕ್ಟರಿಯಿಂದ ನಮ್ಮ ಲೈನಿನವರನ್ನು ತೆಗೆಯುವಾಗ ಸೂಪರ್‌ವೈಸರ್ ಎಷ್ಟು ಸಾರಿ ಹೇಳಿದ ಅಂದರೆ ನಾವೇ ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು.

"ಮುಗೀತು" ಅಂದೆ ಅಶುವಿಗೆ.

"ಎಂತ ಮುಗೀತು?"

"ಅವರಿಗೆ ನಾವು ಸಾಕಾಗಿದ್ದೇವೆ. ಮಗುವಿಗೆ ಬುದ್ಧಿ ಬರ್ತಾ ಉಂಟು. ಇನ್ನು ನಾವು ಯಾಕೆ?"

"ಅಮ್ಮಾ, ಪ್ಲೀಸ್. ಡಬ್ಬಿ ಈಸ್ ಡಬ್ಬಿ. ನೀನೇ ಬೇಕು ಬೇಕು ಅಂತಿದ್ದಿ, ಕೊಟ್ರು. ದಟ್ಸ್ ಇಟ್."

(ನಾವು ಮನೆಯಲ್ಲಿ ತುಳು ಮಾತಾಡುವುದು, ಅವಳು ಅರ್ಧ ಇಂಗ್ಲಿಷು. ನಿಮಗೋಸ್ಕರ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಇನ್ನೂ ಖಾರ ಇತ್ತು.)

ನಾನು ಆ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಡಬ್ಬಿಗಳು ಬಂದವು ಅಂತ ಸಕ್ಕರೆ ತುಂಬಿಸಲೂ ಇಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ ಫರ್ನೇಸಿನ ಹಿಂದೆ ನೂಕಿ ಬಂದೆ. ಬ್ರೆಡ್ಡಿನ ಚೀಲದಿಂದಲೇ ಸಕ್ಕರೆ ತೆಗೆದು ಚಹಾಕ್ಕೆ ಹಾಕಿದೆ. ಹಟ ಅಂದರೆ ಹಟ.

ಇಷ್ಟಕ್ಕೇ ನಿಂತಿದ್ದರೆ ನಾನೊಬ್ಬಳೇ ಮೂರ್ಖಳಾಗುತ್ತಿದ್ದೆ. ಆದರೆ ಆ ಶುಕ್ರವಾರ ಫೋಟೋ ಬರಲಿಲ್ಲ.

ಐದು ವರ್ಷದಲ್ಲಿ ಅದು ತಪ್ಪಿದ್ದಿಲ್ಲ. ಮಗುವಿಗೆ ಜ್ವರ ಬಂದಾಗ ಜ್ವರದ ಫೋಟೋ ಬಂದಿತ್ತು. ಅಶು ಊಟ ಮಾಡುವಾಗ ಫೋನನ್ನು ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡಳು. ಪಾತ್ರೆ ತೊಳೆಯುವಾಗ ಸಿಂಕಿನ ಪಕ್ಕದಲ್ಲಿ. ಅದು ಒಮ್ಮೆ ಟಿಂಗ್ ಅಂತು, ಅವಳು ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಪಿಜ್ಜಾ ಅಂಗಡಿಯ ಆಫರು.

ಅಂಥ ಹೊತ್ತಿನಲ್ಲಿ ಒಬ್ಬಳು ತಾಯಿ ಬಾಯಿ ಮುಚ್ಚಿಕೊಂಡು ಇರಬೇಕು. ನನಗೆ ಆ ಅಭ್ಯಾಸ ಇಲ್ಲ. "ನಾನು ಹೇಳಿದೆನಲ್ಲ?" ಅಂದುಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. "ಇದ್ರಲ್ಲೂ ನಿನಗೆ ಗೆಲ್ಲಬೇಕಾ ಅಮ್ಮ?"

ಅದು ತಾಗಿತು. ತಾಗಬೇಕಾದಲ್ಲೇ ತಾಗಿತು.

"ನೀನೇ ಒಂದು ಫೋನು ಮಾಡಿ ಕೇಳಿಬಿಡು" ಅಂದೆ, ಸ್ವರ ಸ್ವಲ್ಪ ತಗ್ಗಿಸಿ.

"ಏನಂತ ಕೇಳ್ಲಿ? ನಾಳೆಯಿಂದ ಹೇಜಲ್‌ನ ನೋಡ್ಲಿಕ್ಕೆ ಬಿಡ್ತೀಯಾ ಇಲ್ವಾ ಅಂತನಾ? ನಾನು ಅವಳ ಮೇಲೆ ನಂಬಿಕೆ ಇಟ್ಟು ಮಗು ಕೊಟ್ಟದ್ದು. ಒಂದು ಫೋಟೋ ಬರ್ಲಿಲ್ಲ ಅಂತ ಇವತ್ತು ಡೌಟ್ ಮಾಡ್ಲಿಕ್ಕಾಗ್ತದಾ?"

ಮಾತು ಸರಿ. ಅವಳು ಡೌಟ್ ಮಾಡಲಿಲ್ಲ. ಬರೀ ಫೋನು ನೋಡುತ್ತಾ ಇದ್ದಳು. ಹೆತ್ತವಳಿಗೆ ಇಷ್ಟು ವರ್ಷದಲ್ಲಿ ಉಳಿದದ್ದು ವಾರಕ್ಕೊಂದು ಫೋಟೋ, ವರ್ಷಕ್ಕೆ ನಾಲ್ಕೈದು ಭಾನುವಾರ. ಅದರ ಒಳಗೆ ನಾನು ಒಂದು ಹುಳ ಬಿಟ್ಟಿದ್ದೆ, ಖಾಲಿ ಡಬ್ಬಿಗಳನ್ನು ನೋಡಿ.

ಮುಂದಿನ ಭೇಟಿ ಅದರಾಚೆಯ ಭಾನುವಾರ ಅಂತ ಮೊದಲೇ ಮಾತಾಗಿತ್ತು. "ನಾನು ಬರುವುದಿಲ್ಲ" ಅಂದೆ. ಸೊಂಟ ನೋವು ಅಂದೆ. ನನ್ನ ಸೊಂಟಕ್ಕೆ ಒಂದು ಒಳ್ಳೆಯ ಗುಣ ಉಂಟು, ನನಗೆ ಬೇಕಾದಾಗ ನೋಯುತ್ತದೆ. ಕರೆಯದ ಮನೆಗೆ ಲಗೇಜು ಯಾಕೆ ಹೋಗಬೇಕು ಅಂತ ನನ್ನ ಲೆಕ್ಕ. ಕಾಣಬೇಕು ಅಂತ ಅನ್ನಿಸಿದರೆ ಅವರೇ ಕೇಳಲಿ, ಅಜ್ಜಿ ಎಲ್ಲಿ ಅಂತ. ಅರವತ್ತಾರು ವರ್ಷದ ಹೆಂಗಸು ನಾನು, ಐದು ವರ್ಷದ ಮಗುವಿನ ಮೇಲೆ ಮುನಿಸಿಕೊಂಡು ಕೂತೆ. ಆ ಮಗುವಿಗೆ ಗೊತ್ತೂ ಇಲ್ಲ ನಾನು ಮುನಿಸಿಕೊಂಡದ್ದು. ಇಂಥ ಮುನಿಸಿನಿಂದ ಯಾರಿಗೆ ಲಾಭ? ಸೊಂಟಕ್ಕೂ ಇಲ್ಲ.

ಅಷ್ಟರಲ್ಲಿ ನಾತ ಶುರುವಾಯಿತು.

ಮರುದಿನ ಶನಿವಾರ ಬೆಳಿಗ್ಗೆ ಕಾರ್ಯಾಚರಣೆ. ಸಿಮ್ರನ್ ಟಾರ್ಚ್ ಹಿಡಿದಳು, ನಾನು ಹಿಡಿಸೂಡಿ, ಅಶು ಮೂಗಿಗೆ ಶಾಲು ಕಟ್ಟಿಕೊಂಡು ಹಿಂದೆ. ನಾನು ವಾಷಿಂಗ್ ಮೆಷಿನ್ನಿನ ಅಡಿ ಗುಡಿಸಿದೆ. ಡ್ರೈನಿಗೆ ಕುದಿಯುವ ನೀರು ಹೊಯ್ದೆ. ಸಿಮ್ರನ್‌ಳ ಶೂಗಳನ್ನು ಒಂದೊಂದಾಗಿ ಮೂಸಿದೆ. (ಅವಳಿಗೆ ಬೇಸರವಾಯಿತು. ಆಗಲಿ. ಮಛ್ಲೀ ಅಂದಾಗ ನನಗೆ ಆಗಿರಲಿಲ್ವಾ?) ಇಲಿ ಖಂಡಿತ ಫರ್ನೇಸಿನ ಹಿಂದೆ ಅಂತ ಹೇಳಿದವಳೂ ನಾನೇ.

ಅಶು ಆ ಪೆಟ್ಟಿಗೆಯನ್ನು ಎಳೆದಳು. ಎಳೆದವಳು ಎರಡು ಹೆಜ್ಜೆ ಹಿಂದೆ ಹಾರಿದಳು. "ಅಮ್ಮಾ! ಇಟ್ಸ್ ಯುವರ್ ಡಬ್ಬೀಸ್!"

"ಸಾಧ್ಯವೇ ಇಲ್ಲ. ಅದು ಖಾಲಿ."

"ಬಿಚ್ಚಿ ನೋಡಿದ್ಯಾ?"

ಏನಂತ ಹೇಳಲಿ? ಅಲ್ಲಾಡಿಸಿ ನೋಡಿದ್ದೆ ಅಂತಲಾ?

ಪೆಟ್ಟಿಗೆಯನ್ನು ಹಿಂದಿನ ಅಂಗಳಕ್ಕೆ ಹೊತ್ತುಕೊಂಡು ಹೋದೆವು. ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ಹೊರಗೆ ತೆಗೆದೆ. ಎಲ್ಲ ಖಾಲಿ, ಎಲ್ಲ ಸ್ವಚ್ಛ, ಮುಖ ಕಾಣುವಷ್ಟು. ಎಲ್ಲದರ ಅಡಿಯಲ್ಲಿ, ಮೂಲೆಯಲ್ಲಿ, ನನ್ನದಲ್ಲದ ಒಂದು ಡಬ್ಬಿ. ಹಸಿರು ಪ್ಲಾಸ್ಟಿಕ್ಕು. ಬದಿಯಲ್ಲಿ ಡೈನೋಸಾರಿನ ಸ್ಟಿಕ್ಕರು. ಹೇಜಲ್ ಶಾಲೆಗೆ ತಿಂಡಿ ಕೊಂಡೊಯ್ಯುವ ಡಬ್ಬಿ ಅದು, ಫೋಟೋಗಳಲ್ಲಿ ನೋಡಿದ್ದೆ.

ಮುಚ್ಚಳ ತೆಗೆದವಳು ನಾನು. ಬೇಲಿಯವರೆಗೆ ಓಡಿದವಳೂ ನಾನು. ಸೊಂಟ ನೋವಿನವಳು ಅಂತ ನೆನಪಿರಲಿ.

ಒಳಗೆ ಏನಿತ್ತು ಅಂದರೆ: ಒಂದು ಬೇಯಿಸಿದ ಮೊಟ್ಟೆ, ಸುಲಿದದ್ದು, ಒಂದು ಕಡೆ ಕಚ್ಚಿದ್ದು. ಚೀಸಿನ ಒಂದು ಉದ್ದ ತುಂಡು. ಒಂದಿಷ್ಟು ಬಿಸ್ಕೆಟ್ಟು. ಆ ಸೆಕೆಯಲ್ಲಿ, ಫರ್ನೇಸಿನ ಹಿಂದೆ, ಅಷ್ಟು ದಿನ. ನನ್ನ ಒಣಮೀನು ಅದರ ಮುಂದೆ ಮಲ್ಲಿಗೆ.

ಮುಚ್ಚಳದ ಮೇಲೆ ಕಪ್ಪು ಮಾರ್ಕರಿನಲ್ಲಿ ಎಂತದೋ ಗೀಚಿತ್ತು. ಮಕ್ಕಳ ಚಿತ್ರ ಅಂದುಕೊಂಡೆ ಮೊದಲು. ಮುಚ್ಚಳವನ್ನು ತಿರುಗಿಸಿ ಹಿಡಿದೆ. "ಗು"ವಿನ ಕೊಂಬು ಆಚೆ ಮುಖ ಮಾಡಿತ್ತು, "ಲಾ" ಬಿದ್ದಿತ್ತು, "ಬಿ" ಅಂಚು ದಾಟಿ ಹೋಗಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೂ ಓದಲಿಕ್ಕೆ ಆಯಿತು. ನನ್ನ ಡಬ್ಬಿ ನೋಡಿ ನನ್ನ ಹೆಸರು ನಕಲು ಮಾಡಿದ್ದಳು.

"ನಿನ್ನ ಹೆಸರಲ್ವಾ ಅಮ್ಮ ಅದು?" ಅಶು ಕೇಳಿದಳು. ಅವಳಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ. ಆದರೆ ಅದೊಂದು ಪದ ಗೊತ್ತು, ಅದೇ ಡಬ್ಬಿಗಳಲ್ಲಿ ಊಟ ಮಾಡಿ ದೊಡ್ಡವಳಾದವಳು.

ಈಗ ಅವಳು ಫೋನು ಮಾಡಿದಳು. ಅಂಗಳದಲ್ಲಿ ನಿಂತೇ, ಸ್ಪೀಕರ್ ಹಾಕಿ. ಡೌಟ್ ಕೇಳಲಿಕ್ಕೆ ಅಲ್ಲವಲ್ಲ, ಡಬ್ಬಿ ಸಿಕ್ಕಿತು ಅಂತ ಹೇಳಲಿಕ್ಕೆ. ಮೇಗನ್ ಒಂದೇ ರಿಂಗಿಗೆ ಎತ್ತಿದಳು. ಅವಳ ಇಂಗ್ಲಿಷಿನಲ್ಲಿ ನನಗೆ ಅರ್ಥವಾದದ್ದು ಅರ್ಧ, ಅಶು ಬಿಡಿಸಿ ಹೇಳಿದ್ದು ಅರ್ಧ, ಎರಡೂ ಸೇರಿಸಿ ಬರೆಯುತ್ತೇನೆ.

ಅವರು ಉತ್ತರದ ಕಡೆ ಕಾಟೇಜಿಗೆ ಹೋಗಿದ್ದರಂತೆ, ಅಲ್ಲಿ ಸಿಗ್ನಲ್ ಇಲ್ಲವಂತೆ, ಆಗಷ್ಟೇ ಮನೆಗೆ ಬಂದದ್ದಂತೆ. ಫೋಟೋ ಕಳಿಸುವ ಮೊದಲೇ ಅಶುವಿನ ಫೋನು ಬಂತಂತೆ. ಹಸಿರು ಡಬ್ಬಿಯನ್ನು ಇಡೀ ಮನೆ ಹುಡುಕಿದ್ದರಂತೆ. ಮತ್ತೆ, ಹೇಜಲ್ ಆ ದಿನ ತುಂಬಾ ಅತ್ತಳಂತೆ.

"ಯಾಕೆ?" ಅಶು ಕೇಳಿದಳು.

ನನ್ನ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿಸುವಾಗ ಹೇಜಲ್ ಬಂದು ನಿಂತಳಂತೆ. ಎಲ್ಲ ಕೊಡಬೇಡಿ ಅಂದಳಂತೆ. ಅಜ್ಜಿ ಬರುವುದು ಡಬ್ಬಿ ತೆಗೆದುಕೊಂಡು ಹೋಗಲಿಕ್ಕೆ. ಎಲ್ಲ ಕೊಟ್ಟರೆ ಅಜ್ಜಿ ಮತ್ತೆ ಯಾಕೆ ಬರುತ್ತಾಳೆ? ಅಶು ಯಾಕೆ ಬರುತ್ತಾಳೆ? ಮೇಗನ್ ಕೂರಿಸಿಕೊಂಡು ಹೇಳಿದಳಂತೆ, ಅವರು ಬರುವುದು ನಿನಗೋಸ್ಕರ ಚಿನ್ನಾ, ಡಬ್ಬಿಗಲ್ಲ ಅಂತ.

ಹೇಜಲ್ ನಂಬಲಿಲ್ಲ. ನನ್ನ ಮೊಮ್ಮಗಳಲ್ಲವಾ.

ಸ್ವಲ್ಪ ಹೊತ್ತಿಗೆ ಅಳು ನಿಂತಿತಂತೆ. ಯಾಕೆ ನಿಂತಿತು ಅಂತ ಅವರಿಗೆ ಗೊತ್ತಾಗಲಿಲ್ಲ. ನಮಗೆ ಈಗ ಗೊತ್ತಾಯಿತು. ಅಜ್ಜಿಯ ಡಬ್ಬಿ ಇಲ್ಲಿ ಇರಬಾರದಾದರೆ ನನ್ನ ಡಬ್ಬಿ ಅಲ್ಲಿ ಇರಲಿ ಅಂತ ಅವಳು ಅವಳ ಮಧ್ಯಾಹ್ನದ ಊಟವನ್ನೇ ಅಡಿಯಲ್ಲಿ ತುರುಕಿದ್ದಳು. ಖಾಲಿ ಕೊಡಬಾರದು ಅಂತ ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಡಬ್ಬಿ ಒಮ್ಮೆಯೂ ಖಾಲಿ ಬಂದದ್ದನ್ನು ಅವಳು ನೋಡಿರಲಿಲ್ಲ, ಅಷ್ಟೇ.

ಎರಡು ಮನೆಯಲ್ಲಿ ಇಬ್ಬರು ಒಂದೇ ಪೆಟ್ಟಿಗೆ ನೋಡಿ ಒಂದೇ ವಿಷಯಕ್ಕೆ ಹೆದರಿದ್ದೆವು. ಅವಳು ಏನಾದರೂ ಮಾಡಿದಳು. ನಾನು ಸೊಂಟ ನೋವು ಅಂದೆ.

ಆಮೇಲೆ ಅಶು ಬೇಲಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು. ಅವಳು ಅಲ್ಲಿ ಏನು ಮಾಡಿದಳು ಅಂತ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ.

ಹಸಿರು ಡಬ್ಬಿಯನ್ನು ಹುಣಸೆಹುಳಿ ಹಾಕಿ ತಿಕ್ಕಿದೆ. ಲಿಂಬೆ ಹಾಕಿ ತಿಕ್ಕಿದೆ. ಸೋಡಾಪುಡಿಯಲ್ಲಿ ಮುಳುಗಿಸಿಟ್ಟೆ. ವಾರ ಪೂರ್ತಿ ಬಿಸಿಲಿಗೆ ಇಟ್ಟೆ, ಅಳಿಲು ಕೂಡ ಹತ್ತಿರ ಬರಲಿಲ್ಲ. ಮುಚ್ಚಳವನ್ನು ಮಾತ್ರ ಒಳಗಿನಿಂದ ತೊಳೆದೆ. ಹೊರಗೆ ತಿಕ್ಕಿದರೆ ನನ್ನ ಹೆಸರು ಹೋಗುತ್ತಿತ್ತು. ಕೊನೆಗೆ ವಾಸನೆ ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗವನ್ನು ಏಲಕ್ಕಿ ಜಾಸ್ತಿ ಹಾಕಿದ ರವೆ ಉಂಡೆಯಿಂದ ಮುಚ್ಚಿದೆ. ಇದು ಅಡಿಗೆಯಲ್ಲ, ಸಾಕ್ಷಿ ನಾಶ.

ಭಾನುವಾರ ಪಿಕರಿಂಗ್‌ನಲ್ಲಿ ಗೋ ಟ್ರೈನು ಹತ್ತಿದೆವು. ಸೊಂಟ ತಾನಾಗಿಯೇ ವಾಸಿಯಾಗಿತ್ತು. ಅಶು ಕಿಟಕಿಯಿಂದ ಕೆರೆ ನೋಡುತ್ತಾ ಕೂತಳು. (ಕೆರೆ ಅಂದರೆ ಲೇಕ್ ಒಂಟಾರಿಯೋ. ಸಮುದ್ರ ನೋಡಿದವಳು ನಾನು, ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.)

"ಅಮ್ಮ, ಅಲ್ಲಿ ಹೋಗಿ ಏನೂ ಡ್ರಾಮಾ ಮಾಡ್ಬೇಡ."

"ನಾನು ಯಾವಾಗ ಮಾಡಿದ್ದೇನೆ?"

ಅವಳು ಯೂನಿಯನ್ ಸ್ಟೇಶನ್ ಬರುವವರೆಗೆ ನಗುತ್ತಾ ಇದ್ದಳು. ಒಬ್ಬಳೇ.

ಮೇಗನ್ ಬಾಗಿಲು ತೆಗೆದಳು. ಅವಳ ಕಾಲಿನ ಸಂದಿಯಿಂದ ಹೇಜಲ್ ಇಣುಕಿದಳು. ನೋಡಿದ್ದು ಮೊದಲು ನನ್ನ ಕೈಚೀಲವನ್ನು. ಆಮೇಲೆ ಅಶುವನ್ನು. ಆಮೇಲೆ ನನ್ನ ಮುಖವನ್ನು, ತುಂಬಾ ಗಂಭೀರವಾಗಿ.

"ಅಜ್ಜಿ, ಡಿಡ್ ಯು ಈಟ್ ಮೈ ಎಗ್?"

ನಾನು ಬಾಯಿಗೆ ಬಂದದ್ದನ್ನು ಹೇಳುವವಳು ಅಂತ ನಿಮಗೆಲ್ಲ ಗೊತ್ತುಂಟು. ಸಂಘದ ಅಧ್ಯಕ್ಷರಿಗೆ ನಿಮ್ಮ ಭಾಷಣ ಉದ್ದವಾಯಿತು ಅಂತ ಮೈಕಿನಲ್ಲೇ ಹೇಳಿದವಳು. ಅಶು ನನ್ನನ್ನು ನೋಡಿದಳು. ಮೇಗನ್ ನೋಡಿದಳು.

"ಯೆಸ್" ಅಂದೆ. "ಫುಲ್."

"ವಾಸ್ ಇಟ್ ಯಮ್ಮಿ?"

"ವೆರಿ."

ಅಶುವಿಗೆ ಕೆಮ್ಮು ಬಂತು.

ಹೇಜಲ್ ಅಶುವಿನ ಕೈ ಹಿಡಿದುಕೊಂಡು ಒಳಗೆ ಹೋದಳು, ಹೊಸ ಹಲ್ಲು ತೋರಿಸಲಿಕ್ಕೆ, ಮತ್ತೆ ಸತ್ತ ಒಂದು ಜೀರುಂಡೆ ತೋರಿಸಲಿಕ್ಕೆ. ಇಡೀ ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಮಲಗಿಕೊಂಡು ಆ ಜೀರುಂಡೆಗೆ ಮನೆ ಕಟ್ಟಿದರು. ನಾನು ಅಡಿಗೆಮನೆಯಲ್ಲಿ ಮೇಗನ್ ಜೊತೆ ಕೂತು ಅವಳ ಬಿಸಿನೀರಿನಂಥ ಚಹಾ ಕುಡಿದೆ. ಅವಳು ಮತ್ತೆ ಸಾರಿ ಅಂದಳು, ಡಬ್ಬಿಗಳನ್ನು ಅಷ್ಟು ವರ್ಷ ಇಟ್ಟುಕೊಂಡದ್ದಕ್ಕೆ. ನಾನೂ ಸಾರಿ ಅಂದೆ. ಯಾತಕ್ಕೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಅದನ್ನು ಹೇಳುವಷ್ಟು ಇಂಗ್ಲಿಷ್ ನನ್ನ ಹತ್ತಿರ ಇರಲೂ ಇಲ್ಲ.

ಹೊರಡುವ ಹೊತ್ತಾಯಿತು. ಮೇಗನ್ ಈಗ ಹುಷಾರಾಗಿದ್ದಾಳೆ ನೋಡಿ, ನನ್ನ ಒಂದು ಚಮಚ ಕೂಡ ಅಲ್ಲಿ ಉಳಿಯಬಾರದು ಅಂತ ಎರಡೆರಡು ಸಲ ಕೇಳಿದಳು. ಉಳಿಯಲಿಕ್ಕೆ ನಾನು ತಂದದ್ದಾದರೂ ಏನು? ಅವರದೇ ಹಸಿರು ಡಬ್ಬಿ. ಅದು ಅವರ ಮೇಜಿನ ಮೇಲೆ ಉಂಟು, ಉಂಡೆ ಖಾಲಿ. ನನ್ನ ಕೈಚೀಲ ಹಗುರ. ಐದು ವರ್ಷದಲ್ಲಿ ಮೊದಲ ಸಲ ನಾನು ಆ ಮನೆಯಿಂದ ಏನೂ ಬಿಡದೆ ಹೊರಡುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಹಾಕುವುದಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡೆ.

ಹೇಜಲ್ ಓಡಿ ಬಂದಳು. ಕೈಯಲ್ಲಿ ಹಸಿರು ಡಬ್ಬಿ. ನಮ್ಮೆಲ್ಲರ ಮುಂದೆ ಅದರ ಮುಚ್ಚಳ ಕಿತ್ತು ನನ್ನ ಕೈಗೆ ಕೊಟ್ಟಳು. ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಯು ಕಮ್, ಯು ಟೇಕ್" ಅಂದಳು. ನನ್ನದೇ ಫ್ಯಾಕ್ಟರಿ ಇಂಗ್ಲಿಷು.

"ಹೇಜಲ್! ಅದು ನಿನ್ನ ಬೇಸಿಗೆ ಕ್ಯಾಂಪಿನ ಡಬ್ಬಿ ಅಲ್ವಾ?" ಅಂತ ಮೇಗನ್ ಗದರಿಸಲಿಕ್ಕೆ ಹೋಗಿ, ಅರ್ಧಕ್ಕೆ ನಿಲ್ಲಿಸಿ, ಅಶುವಿನ ಮುಖ ನೋಡಿದಳು. ಇಬ್ಬರು ಅಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ನಾನು ನಗಲಿಲ್ಲ. ಮುಚ್ಚಳವನ್ನು ಕೈಚೀಲಕ್ಕೆ ಹಾಕಿ ಝಿಪ್ ಎಳೆದೆ, ಯಾರಾದರೂ ವಾಪಸ್ ಕೇಳುವ ಮೊದಲು.

ಈಗ ಆ ಮುಚ್ಚಳ ನಮ್ಮ ಫ್ರಿಜ್ಜಿನ ಮೇಲೆ ಉಂಟು. ಇನ್ನೂ ಸ್ವಲ್ಪ ನಾತ ಬರುತ್ತದೆ, ಸಿಮ್ರನ್ ಬಂದಾಗಲೆಲ್ಲ ಮೂಗು ಅರಳಿಸುತ್ತಾಳೆ.

ಮುಚ್ಚಳ ಇಲ್ಲದ ಡಬ್ಬಿಯಲ್ಲಿ ಆ ಮೇಗನ್ ಎಷ್ಟು ದಿನ ಅಂತ ಮಗುವಿಗೆ ತಿಂಡಿ ಕಟ್ಟಿಕೊಡುತ್ತಾಳೆ, ನೀವೇ ಹೇಳಿ?